"ಮಾತ್ರೆ ತಗೊಂಡ್ರಾ?" "ಹೂಂ."

ಹೃದಯದ ಕವಾಟದ (ವಾಲ್ವ್) ಆಪರೇಷನ್ ಆದವರ ಮನೆಯಿಂದ ಆಪ್ತಸಲಹೆಗೆಂದು ನನ್ನಲ್ಲಿಗೆ ಮೊದಲು ಬರುವುದು ರೋಗಿಯಲ್ಲ, ಹೆಂಡತಿ ಅಥವಾ ಮಗಳು. ದೂರು ಒಂದೇ: "ಮಾತ್ರೆ ಸರಿಯಾಗಿ ತಗೊಳ್ಳಲ್ಲ." ಮತ್ತೆ ಮತ್ತೆ ಬರುವ ದೂರಾದ್ದರಿಂದ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತಿನ ವಿವರ ಬದಲಿಸಿದ್ದೇನೆ.

ಗಂಡ ಟೆಂಪೊ ಚಾಲಕ. ಬಾಲ್ಯದ ರುಮಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕೆಟ್ಟು, ಮೆಟಲ್ ವಾಲ್ವ್ ಹಾಕಿದ್ದರು. ಇಂಥವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳಬೇಕು. ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) 2.5ರಿಂದ 3.5ರೊಳಗೆ ಇರಲಿ ಎಂದಿದ್ದರು ವೈದ್ಯರು, ಬಂದದ್ದು 1.4; ಅಂದರೆ ಮಾತ್ರೆ ಸಾಲುತ್ತಿರಲಿಲ್ಲ.

ಆ ದಿನ ಇಬ್ಬರೂ ಬಂದಿದ್ದರು. "ರಾತ್ರಿ ಇವರ ಎದೆಯಿಂದ ಟಿಕ್ ಟಿಕ್ ಕೇಳ್ಸುತ್ತೆ ಮೇಡಂ. ಕೇಳ್ಸಿದ್ರೆ ನಿದ್ದೆ ಬರಲ್ಲ, ಕೇಳ್ಸದಿದ್ರೆ ಎದ್ದು ಕೈಯಿಟ್ಟು ನೋಡ್ತೀನಿ" ಎಂದರು ಆಕೆ. ಅದುವರೆಗೆ ಕಿಟಕಿ ನೋಡುತ್ತಿದ್ದ ಗಂಡ, "ನಾನೂ ಎದ್ದೇ ಇರ್ತೀನಿ. ಇವ್ಳು ಕೈಯಿಟ್ಟಾಗ ನಿದ್ದೆ ಬಂದೋನ ಥರ ಮಲಗಿರ್ತೀನಿ" ಎಂದರು. ಆಮೇಲೆ ತಾವಾಗಿಯೇ ಹೇಳಿದರು: ಹಲ್ಲುಜ್ಜಿದಾಗ ರಕ್ತ ಬರುತ್ತಿತ್ತು. ಹೇಳಿದರೆ ಹೆಂಡತಿ ಇನ್ನಷ್ಟು ಹೆದರುತ್ತಾಳೆಂದು ತಾವೇ ಮಾತ್ರೆಯನ್ನು ದಿನ ಬಿಟ್ಟು ದಿನ ಮಾಡಿಕೊಂಡಿದ್ದರು. ಕೇಳಿದಾಗೆಲ್ಲ "ಹೂಂ" ಅನ್ನುತ್ತಿದ್ದರು.

ಅಂದೇ ಹೃದ್ರೋಗ ವೈದ್ಯರ ಬಳಿ ಹೋಗಿ ಇಷ್ಟನ್ನೂ ಹೇಳಿ ಎಂದೆ. ಡೋಸ್ ವಿಷಯ ನನ್ನದಲ್ಲ. ಆಕೆಗೆ ಹೇಳಿದ್ದು: ಇನ್ನು ಕೇಳಬೇಡಿ. ಮಾತ್ರೆಯೂ ಐಎನ್‌ಆರ್ ಪುಸ್ತಕವೂ ಅವರ ಕೈಯಲ್ಲಿರಲಿ, ನುಂಗಿದ ಮೇಲೆ ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ರಕ್ತಪರೀಕ್ಷೆಗೆ ಮೈದುನ ಜೊತೆಗೆ ಹೋಗಲಿ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಪರಿಣಾಮ ತಗ್ಗಿಸುತ್ತದೆಂದು ಹೆದರಿ ಮನೆಯಲ್ಲಿ ಸೊಪ್ಪಿನ ಸಾರನ್ನೇ ನಿಲ್ಲಿಸಿದ್ದರು, ಪಾಪ. ಸೊಪ್ಪು ಬಿಡಬೇಕಿಲ್ಲ; ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು, ಅಷ್ಟೆ.

"ಗಂಡನ್ನ ನೋಡ್ಕೋಬೇಡ ಅಂತ ಹೇಳ್ಕೊಟ್ರಾ?" ಎಂದು ಅತ್ತೆ ಫೋನಿನಲ್ಲಿ ರೇಗಿದರು. ನನ್ನ ಮಾತು ಬದಲಿಸಲಿಲ್ಲ. ಊರೂರು ಟೆಂಪೊ ಓಡಿಸಿ ಬಾಡಿಗೆ ಲೆಕ್ಕ ಇಡುವವರಿಗೆ ದಿನದ ಮಾತ್ರೆಯ ಲೆಕ್ಕ ಕಷ್ಟವಲ್ಲ. ಹೆಂಡತಿ ಪೊಲೀಸಾದರೆ ಗಂಡ ಸುಳ್ಳು ಹೇಳುವುದನ್ನು ಕಲಿಯುತ್ತಾನೆ. ಮರೆವಿನ ಕಾಯಿಲೆಯ ಹಿರಿಯರಾಗಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ.

ಕೇಳಬೇಡಿ ಅಂದರೆ ಎಚ್ಚರ ಬಿಡಿ ಎಂದಲ್ಲ. ತಪ್ಪಿದ ಮಾತ್ರೆಗೆಂದು ಮರುದಿನ ಎರಡು ನುಂಗುವಂತಿಲ್ಲ. ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಬೇಡ. ಉಸಿರು ಕಟ್ಟಿದರೆ, ಮಾತು ತೊದಲಿದರೆ, ಮಲ ಕಪ್ಪಗಾದರೆ ಅಥವಾ ವಾಲ್ವಿನ ಆ ಟಿಕ್ ಸದ್ದು ಇದ್ದಕ್ಕಿದ್ದಂತೆ ಮಂಕಾದರೆ, ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ.