ಕನ್ಫ್ಯೂಷಿಯಸ್ ಬಿಟ್ಟರೆ ಇನ್ಯಾರು? ನನ್ನ ಓಟು ಮೋಜಿ ಎಂಬ ಚಿಂತಕನಿಗೆ

ಹಳೇ ಚೀನಾದಲ್ಲಿ ಕನ್ಫ್ಯೂಷಿಯಸ್ ಬಿಟ್ಟರೆ ಯಾರನ್ನು ಓದಬೇಕು, ಅವರು ಹೇಗೆ ಬದುಕಿದರು ಅಂತ ಕೇಳಿದ್ದೀರಿ. ನಾನು ಮೋಜಿ ಎಂಬ ಚಿಂತಕನ ಹೆಸರು ಹೇಳುತ್ತೇನೆ. ಕ್ರಿ.ಪೂ. 5ನೇ ಶತಮಾನದವನು. ಬದುಕಿನ ವಿವರ ಜಾಸ್ತಿ ಉಳಿದಿಲ್ಲ, ಆದರೆ ಅವನ ಹೆಸರಿನ ಗ್ರಂಥದಲ್ಲಿರುವ ಒಂದು ಪ್ರಸಂಗ ಸಾಕು.

ಚು ಅನ್ನೋ ದೊಡ್ಡ ರಾಜ್ಯ, ಸೋಂಗ್ ಅನ್ನೋ ಸಣ್ಣ ರಾಜ್ಯದ ಮೇಲೆ ಬೀಳಲು ಹೊರಟಿತ್ತು. ಗೊಂಗ್‌ಶು ಬಾನ್ ಎಂಬ ಹೆಸರಾಂತ ಕುಶಲಕರ್ಮಿ ಅದಕ್ಕೆ ಕೋಟೆ ಹತ್ತುವ ಏಣಿ ಮಾಡಿಕೊಟ್ಟಿದ್ದ. ಸುದ್ದಿ ಕೇಳಿದ ಮೋಜಿ ಹತ್ತು ಹಗಲು ಹತ್ತು ರಾತ್ರಿ ನಡೆದು ಚು ರಾಜಧಾನಿಗೆ ಹೋದ. ಸೊಂಟದ ಪಟ್ಟಿ ಬಿಚ್ಚಿ ನೆಲಕ್ಕಿಟ್ಟು ಇದೇ ಕೋಟೆ ಅಂದ, ಚಿಕ್ಕ ಕಡ್ಡಿಗಳೇ ಯಂತ್ರಗಳು. ಬಾನ್ ಒಂಬತ್ತು ಬಗೆಯಲ್ಲಿ ದಾಳಿ ಮಾಡಿದ, ಒಂಬತ್ತು ಸಲವೂ ಮೋಜಿ ತಡೆದ. ಬಾನ್‌ನ ತಂತ್ರ ಮುಗಿಯಿತು, ಇವನದ್ದು ಇನ್ನೂ ಬಾಕಿ ಇತ್ತು. ಆಗ ಬಾನ್, ನಿನ್ನನ್ನು ಸೋಲಿಸೋದು ಗೊತ್ತು, ಹೇಳಲ್ಲ ಅಂದ. ಚು ರಾಜನಿಗೆ ಅರ್ಥವಾಗಲಿಲ್ಲ. ಮೋಜಿಯೇ ಬಿಡಿಸಿ ಹೇಳಿದ: ನನ್ನನ್ನು ಕೊಲ್ಲಿಸೋ ಯೋಚನೆ ಇವನದ್ದು, ಆದರೆ ನನ್ನ 300 ಶಿಷ್ಯರು ಆಗಲೇ ಸೋಂಗ್‌ನ ಕೋಟೆ ಮೇಲೆ ಕಾಯ್ತಿದ್ದಾರೆ. ರಾಜ ಯುದ್ಧ ಕೈಬಿಟ್ಟ. ವಾಪಸ್ ಬರುವಾಗ ಸೋಂಗ್‌ನಲ್ಲೇ ಮಳೆ ಬಂತು, ತಾನು ಉಳಿಸಿದ ಊರಿನ ಕಾವಲುಗಾರ ಇವನನ್ನು ಒಳಗೆ ಬಿಡಲಿಲ್ಲ!

ಬೋಧನೆಯೂ ಹೀಗೇ, ನೇರಾನೇರ. ನಮ್ಮವರು ಬೇರೆಯವರು ಅನ್ನೋ ಭೇದ ಬಿಡಿ, ಇನ್ನೊಬ್ಬರ ಮನೆಯನ್ನೂ ರಾಜ್ಯವನ್ನೂ ನಿಮ್ಮದರಂತೆ ನೋಡಿ ಅಂದ. ಸುಮ್ನೆ ಒಳ್ಳೆ ಮಾತಲ್ಲ ಇದು, ವಾದ ಮಾಡಿದ್ದಾನೆ. ನೀವು ದೂರದ ಯುದ್ಧಕ್ಕೆ ಹೋಗ್ತಿದ್ದೀರಿ, ವಾಪಸ್ ಬರ್ತೀರೋ ಇಲ್ವೋ. ಹೆಂಡತಿ ಮಕ್ಕಳನ್ನು ಯಾರಿಗೆ ಒಪ್ಪಿಸ್ತೀರಿ, ತನ್ನವರನ್ನು ಮಾತ್ರ ನೋಡಿಕೊಳ್ಳುವವನಿಗೋ, ಎಲ್ಲರನ್ನೂ ಸಮಾನವಾಗಿ ನೋಡುವವನಿಗೋ? ಯುದ್ಧದ ಬಗ್ಗೆ ಇನ್ನೂ ಖಾರ. ತೋಟಕ್ಕೆ ನುಗ್ಗಿ ಪೀಚ್ ಹಣ್ಣು ಕದ್ದರೆ ಕಳ್ಳ, ಒಬ್ಬನನ್ನು ಕೊಂದರೆ ಒಂದು ಮರಣದಂಡನೆಯ ಅಪರಾಧ, ಹತ್ತು ಜನರನ್ನು ಕೊಂದರೆ ಅದರ ಹತ್ತರಷ್ಟು, ಇಡೀ ರಾಜ್ಯವನ್ನೇ ದೋಚಿದರೆ ಮಾತ್ರ ಹೊಗಳಿಕೆ, ಇದ್ಯಾವ ನ್ಯಾಯ ಅಂತ ಕೇಳುತ್ತಾನೆ.

ಕನ್ಫ್ಯೂಷಿಯಸ್ ಕಡೆಯವರು ಹೇಳುತ್ತಿದ್ದ ಮೂರು ವರ್ಷದ ಸೂತಕವೂ ಅವನಿಗೆ ಹಿಡಿಸಲಿಲ್ಲ. ಹೊಲ ಗೇಯೋರು ಯಾರು, ಮಕ್ಕಳು ಹುಟ್ಟೋದು ಹೇಗೆ? ಹೆಣಕ್ಕೆ ಮೂರು ಅಂಗುಲ ದಪ್ಪದ ಪೆಟ್ಟಿಗೆ, ವಾಸನೆ ಮೇಲೆ ಬಾರದಷ್ಟು ಆಳದ ಗುಂಡಿ, ಅಷ್ಟೇ ಸಾಕು ಅಂದ. ಆದರೆ ಇದೇ ಲೆಕ್ಕದಲ್ಲಿ ಸಂಗೀತವೂ ದಂಡ ಅಂದುಬಿಟ್ಟ. ಅದನ್ನು ಮಾತ್ರ ನಾನು ಒಪ್ಪಲ್ಲ. ಹಗಲೆಲ್ಲ ದುಡಿದವನಿಗೆ ಒಂದು ಹಾಡೂ ಬೇಡವಾ?

ಮುಂದೆ ಬಂದ, ಕನ್ಫ್ಯೂಷಿಯಸ್ ಕಡೆಯ ಚಿಂತಕ ಮೆನ್ಷಿಯಸ್, ಎಲ್ಲರನ್ನೂ ಸಮಾನವಾಗಿ ಪ್ರೀತಿಸೋದು ಅಂದರೆ ತಂದೆಯೇ ಇಲ್ಲ ಅಂದ ಹಾಗೆ ಅಂತ ಬೈದ. ಅದೇ ಮೆನ್ಷಿಯಸ್, ಲೋಕಕ್ಕೆ ಒಳ್ಳೆಯದಾಗುತ್ತೆ ಅಂದರೆ ಮೋಜಿ ನೆತ್ತಿಯಿಂದ ಹಿಮ್ಮಡಿವರೆಗೂ ಮೈ ಸವೆಸಿಕೊಳ್ಳುತ್ತಾನೆ ಅಂತಲೂ ಹೇಳಿದ್ದಾನೆ. ವಿರೋಧಿಯ ಬಾಯಲ್ಲಿ ಇಷ್ಟು ಬಂತಲ್ವಾ!

ಓದೋಕೆ ಶುರು ಮಾಡೋದಾದರೆ ದಾಳಿಯನ್ನು ಖಂಡಿಸುವ ಅಧ್ಯಾಯಗಳಿಂದ ಶುರು ಮಾಡಿ. ಕೊನೆಕೊನೆಗೆ ಬರೋ ಕೋಟೆ ಕಾಯುವ ಅಧ್ಯಾಯಗಳನ್ನು ಈಗಲೇ ಹಿಡಿಯಬೇಡಿ, ಅದೆಲ್ಲ ಏಣಿ, ಸುರಂಗ, ಗೋಡೆಗಳ ಲೆಕ್ಕ.