ಗೋವಿಂದ ಪೈಗಳ ಕವಿತೆಗೆ ಇಂದಿನ ಮಂಗಳೂರಿನ ದೃಶ್ಯ ಜೋಡಿಸಿ ಕಿರು ಸಾಕ್ಷ್ಯಚಿತ್ರ ಮಾಡಬಹುದೇ?

ಧಾರಾಳವಾಗಿ ಮಾಡಿ. ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಂತೆ ಆಮೇಲೆ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅವರ ಜೀವಿತಕಾಲದಲ್ಲಿ ಅಚ್ಚಾದ ಕವಿತೆಗಳು 2024ರ ಜನವರಿಯಿಂದ ಎಲ್ಲರ ಸ್ವತ್ತು. ಮರಣಾನಂತರ ಮೊದಲು ಪ್ರಕಟವಾದವುಗಳ ಲೆಕ್ಕ ಬೇರೆ.

ಜೋಡಿಸುವಾಗ ಮಾತ್ರ ಎಚ್ಚರ: ಸಾಲಿನಲ್ಲಿ ಕಡಲು ಬಂದ ಕೂಡಲೇ ಪಣಂಬೂರು ಕಡಲತೀರ ತೋರಿಸಿದರೆ ಚಿತ್ರ ಬರೀ ಪದಕೋಶವಾಗುತ್ತದೆ. ಶತಮಾನಗಳ ಪ್ರಾಸದ ಕಟ್ಟನ್ನು 1911ರಲ್ಲೇ ಬಿಟ್ಟ ಕವಿ ಅವರು. ನಿಮ್ಮ ಸಂಕಲನಕ್ಕೂ ಆ ಧೈರ್ಯವಿರಲಿ. ನಸುಕಿನ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಮೀನಿನ ಬುಟ್ಟಿ ಹೊರುವವರ ಮುಖದ ಮೇಲೆ ಸಾಲು ಕೇಳಿಸಲಿ. ಓದು ನಿಂತರೂ ಕ್ಯಾಮೆರಾ ಐದಾರು ಸೆಕೆಂಡು ಕದಲದಿರಲಿ. ಓದುವವರು ಈ ಊರಿನವರೇ ಆಗಿರಲಿ, ನಮ್ಮ ಕರಾವಳಿಯ ಉಚ್ಚಾರದಲ್ಲೇ.