ಅಮೂರ್ತ ಚಿತ್ರ ಬರೆಯುವವರು ಬಳಿದ ಬಣ್ಣವನ್ನೇ ಮತ್ತೆ ಕೆರೆಯುವುದೇಕೆ?

ಅಡಿಯಲ್ಲಿರುವ ಬಣ್ಣವನ್ನು ಹೊರಗೆ ತರಲು. ಪ್ಯಾಲೆಟ್ ನೈಫೋ (ಬಣ್ಣ ಕಲಸುವ ಮೊಂಡು ಚಾಕು) ಹಳೇ ಎಟಿಎಂ ಕಾರ್ಡೋ ಮೇಲಿನ ಹಸಿ ಬಣ್ಣವನ್ನು ಬಾಚಿಕೊಂಡು ಹೋದಾಗ, ಒಣಗಿದ ಕೆಳಪದರ ಅಲ್ಲಲ್ಲಿ ಇಣುಕುತ್ತದೆ. ಆ ಹರಕು ಗೆರೆ ಕುಂಚಕ್ಕೆ ದಕ್ಕುವುದಿಲ್ಲ.

ಕಷ್ಟವೆಲ್ಲ ಹೊತ್ತು ನೋಡಿ ಕೆರೆಯುವುದರಲ್ಲಿ. ಅಕ್ರಿಲಿಕ್ ಬಣ್ಣ ಒಣಗುವುದು ಅದರಲ್ಲಿನ ನೀರು ಆವಿಯಾಗಿ. ಬೆಂಗಳೂರಿನ ಮಾರ್ಚ್ ಸೆಕೆಯಲ್ಲಿ ತೆಳು ಪದರ 10 ನಿಮಿಷಕ್ಕೇ ಬಿಗಿದುಕೊಳ್ಳುತ್ತದೆ. ನಾನಂತೂ ಫ್ಯಾನ್ ಆರಿಸಿ, ಬೆವರುತ್ತಲೇ ಕೆರೆಯುತ್ತೇನೆ. ಜುಲೈ ಜಡಿಮಳೆಯಲ್ಲಿ ಇನ್ನಷ್ಟು ಸಮಯ ಸಿಗುತ್ತದೆ. ತೈಲವರ್ಣದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಬೆರೆತು ನಿಧಾನಕ್ಕೆ ಗಟ್ಟಿಯಾಗುವುದರಿಂದ ಅಲ್ಲಿ ದಿನಗಟ್ಟಲೆ ಬಿಡುವು.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಗಳನ್ನು ಮಾರಲು ನಡೆಯುವ ಚಿತ್ರಸಂತೆಗೆ ಹೋದಾಗ ಕ್ಯಾನ್ವಾಸಿನ ಪಕ್ಕದ ಅಂಚನ್ನು ನೋಡಿ. ಮುಂಭಾಗದಲ್ಲಿ ಮುಚ್ಚಿಹೋದ ಬಣ್ಣಗಳು ಎಷ್ಟೋ ಸಲ ಅಲ್ಲಿ ಸೋರಿ ಉಳಿದಿರುತ್ತವೆ.